ಅರ್ಧಕ್ಕೆ ನಿಂತ ರಾಗ

ನವೆಂಬರ್ ೧೭, ಸೋಮವಾರ

ಅವನನ್ನು ಇವತ್ತೂ ‘ಅಣ್ಣ’ ಎಂದು ಕರೆದೆ. ನಾಲಿಗೆ ಸುಟ್ಟಂತಾಯಿತು. ನಮ್ಮ ಧರ್ಮದವರ ಮನೆಮನೆಗೂ ಸರ್ಕಾರವೇ ಕಳಿಸಿ ಕೂರಿಸಿದ ಒಬ್ಬೊಬ್ಬ ಸರ್ಕಾರಿ ಅಣ್ಣ! ನಮ್ಮ ಜೊತೆಯೇ ಉಂಡು ಮಲಗಿ, ನಾವು ಪ್ರಾರ್ಥನೆ ಮಾಡದಂತೆ ಕಾಯುವುದು ಅವನ ಕೆಲಸ.

ಅತ್ತೆ ಪ್ರಾರ್ಥನೆ ಬಿಟ್ಟಿಲ್ಲ. ಬೆಳಗಿನ ಜಾವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಪದಗಳನ್ನು ನುಂಗಿ, ಬರೀ ರಾಗವನ್ನು ಜೋಗುಳದಂತೆ ಗುನುಗುತ್ತಾರೆ. ಕೊನೆಯ ಸಾಲು ಬರುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಅವನ ಮಂಚ ಕಿರುಗುಟ್ಟುತ್ತದೆ. ಅತ್ತೆ ತಟ್ಟನೆ ಸುಮ್ಮನಾಗುತ್ತಾರೆ. ದಿನಾ ಇದೇ ಕಥೆ.

ಇವತ್ತು ಆ ಮಹಾಶಯ ಗಡ್ಡ ಬೋಳಿಸಿಕೊಳ್ಳುತ್ತಾ ಅದೇ ರಾಗವನ್ನು ಗುನುಗುತ್ತಿದ್ದ. ಅತ್ತೆ ನಿಲ್ಲಿಸುವ ಜಾಗಕ್ಕೆ ಸರಿಯಾಗಿ ನಿಂತ.

“ನಿಮ್ಮ ಲಾಲಿ ಚೆನ್ನಾಗಿದೆ. ಇದರ ಮುಂದೇನಮ್ಮಾ?” ಎಂದ.

“ಅಷ್ಟೇ ಕಣಪ್ಪಾ ಇರೋದು,” ಎಂದರು ಅತ್ತೆ, ತೊಳೆಯುತ್ತಿದ್ದ ಪಾತ್ರೆಯಿಂದ ತಲೆ ಎತ್ತದೆ.

ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಹೆದರಿ ಬಾಯಿ ಮುಚ್ಚಿಕೊಳ್ಳುವ ಜಾಗವೂ ಅವನಿಗೆ ಬಾಯಿಪಾಠ!

ಅವನು ಹೊರಗೆ ಹೋದ ಮೇಲೆ ಅತ್ತೆ, “ಬಿಡೇ, ಕೊನೇ ಸಾಲು ಅವನಿಗೆ ಸಿಕ್ಕಿಲ್ವಲ್ಲ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ಸಾಲು ನನ್ನ ಮಗಳಿಗೂ ಸಿಕ್ಕಿಲ್ಲ. ಹುಟ್ಟಿದಾಗಿನಿಂದ ಅವಳು ಕೇಳಿರುವುದೂ ಅಷ್ಟೇ. ನಾಳೆ ಇವಳೂ ಅಲ್ಲಿಗೇ ನಿಲ್ಲಿಸುತ್ತಾಳೆ, ಪ್ರಾರ್ಥನೆ ಅಲ್ಲಿಗೇ ಮುಗಿಯಿತು ಎಂದುಕೊಂಡು.

ಇಲ್ಲ. ಈಗಲೇ ಎಬ್ಬಿಸುತ್ತೇನೆ. ಅವಳ ಕಿವಿಯಲ್ಲಿ ಪೂರ್ತಿ ಹೇಳುತ್ತೇನೆ, ರಾಗ ಮಾತ್ರ ಅಲ್ಲ, ಒಂದೊಂದು ಪದವನ್ನೂ. ಮಂಚ ಕಿರುಗುಟ್ಟಿದರೆ ಕಿರುಗುಟ್ಟಲಿ, ಇವತ್ತು ನಾನು—