ಬುಟ್ಟಿ ಎತ್ತುವ ಕೈ

ತೀರ್ಥಹಳ್ಳಿ
12 ಜನವರಿ 2025

ಸಾಗರದ ಹೇಮಚಂದ್ರ ಅವರಿಗೆ,

ನಿಮ್ಮ ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆದು ಗೀಟು ಎಳೆದದ್ದು ಕಾಣುತ್ತಿರಬೇಕು. ಕಾಣಲಿ ಎಂದೇ ತೆಳ್ಳಗೆ ಎಳೆದಿದ್ದೇನೆ. ನಾನು ಚೆನ್ನಾಗಿದ್ದೇನೆ. ಶಾಲೆಯಲ್ಲಿ ಈಗಲೂ ಡ್ರಾಯಿಂಗ್ ಟೀಚರ್, ಮಕ್ಕಳು ಈಗಲೂ ಸೂರ್ಯನಿಗೆ ಮೀಸೆ ಬರೆಯುತ್ತಾರೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನೀವು ‘ಹೂಂ’ ಎನ್ನುವುದು ಬಿಟ್ಟು ಇನ್ನೊಂದು ಮಾತು ಆಡಿದ್ದು ನನಗೆ ನೆನಪಿಲ್ಲ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಕಳೆದ ವಾರ ಧನ್ಯಶ್ರೀ ಬಂದಿದ್ದಳು. ನಿಮಗೇನು ಹೊಸ ಸುದ್ದಿಯಲ್ಲ, ಕಳಿಸಿದವರೇ ನೀವು. ಹೊಸನಗರದ ಕಾಲೇಜಿನಲ್ಲಿ ಪಾಠ ಹೇಳುವ ಆ ಹುಡುಗಿಯ ಹುಚ್ಚು ನೋಡಿ ನಾನು ಬೆರಗಾದೆ. ಹಳೆಯ ಕೇಬಲ್ ಟೀವಿ ಕಾರ್ಯಕ್ರಮಗಳ ಶುರುವಿನಲ್ಲಿ ಕಂಪನಿಯ ಲೋಗೊ ಬರುತ್ತಿತ್ತಲ್ಲ, ಅದನ್ನು ಮಾತ್ರ ಕೂಡಿಹಾಕುತ್ತಾಳೆ. ಕಾರ್ಯಕ್ರಮ ಬೇಡವಂತೆ, ಲೋಗೊ ಸಾಕಂತೆ! ಒಂದೊಂದರ ಇತಿಹಾಸ ಬರೆದು ಇಂಟರ್ನೆಟ್ಟಿಗೆ ಹಾಕುತ್ತಾಳೆ. ಇಂಥ ಹುಚ್ಚಿನವರು ಪ್ರಪಂಚದ ತುಂಬ ಇದ್ದಾರಂತೆ. ನಮ್ಮ ಕೇಬಲ್ ಪುಷ್ಪರಾಜನ ಅಟ್ಟದಲ್ಲಿ, ನಾವಿಬ್ಬರೂ ಊರೂರಿಗೆ ಹೋಗಿ ನಡೆಸುತ್ತಿದ್ದ ‘ಬುಟ್ಟಿ ಒಳಗೇನು?’ ಪ್ರಶ್ನೆ ಆಟದ ಕ್ಯಾಸೆಟ್‌ಗಳೆಲ್ಲ ಸಿಕ್ಕಿವೆ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ನೀವು, ಒಂದು ಪ್ರಶ್ನೆಗೆ ಮಾತ್ರ “ಅದನ್ನ ತೀರ್ಥಹಳ್ಳೀಲಿ ಕೇಳಮ್ಮ” ಎಂದು ಜಾರಿಕೊಂಡಿರಂತೆ. ಜಾರಿಕೊಳ್ಳುವುದರಲ್ಲಿ ನಿಮ್ಮನ್ನು ಬಿಟ್ಟರಿಲ್ಲ.

ಅವಳ ಪುಟದಲ್ಲಿ ನಮ್ಮ ಶೀಲಾಚಂದ್ರ ಪ್ರೊಡಕ್ಷನ್ಸ್‌ಗೆ ಒಂದು ಇಡೀ ಅಧ್ಯಾಯವಿದೆ, ಗೊತ್ತೇ? ಓದುತ್ತಾ ಹೋದಂತೆ ನನಗೆ ಹಿಗ್ಗು ತಡೆಯಲಾಗಲಿಲ್ಲ. ‘ಮೊದಲ ಲೋಗೊ, 2001. ಮಣೆಯ ಮೇಲೆ ಬೋರಲು ಹಾಕಿದ ಬಿದಿರಿನ ಬುಟ್ಟಿ. ಹಸಿರು ಬಳೆ ತೊಟ್ಟ ಹೆಂಗಸಿನ ಕೈ ಬಂದು ಬುಟ್ಟಿ ಎತ್ತುತ್ತದೆ. ಕೆಳಗೆ ರಂಗೋಲಿಯಲ್ಲಿ ಕಂಪನಿಯ ಹೆಸರು. ಗಂಡಸಿನ ಧ್ವನಿ: ಬುಟ್ಟಿ ಒಳಗೇನು?’ ಎಂದು ಬರೆದಿದ್ದಾಳೆ. ಪ್ರತಿ ಸಂಚಿಕೆಯಲ್ಲೂ ರಂಗೋಲಿ ಬೇರೆ ಬೇರೆ ಇರುವುದನ್ನು ಕಂಡು, ಇದರ ಹಿಂದೆ ಏನೋ ದೊಡ್ಡ ಕಲಾದೃಷ್ಟಿ ಇದೆ ಎಂದುಕೊಂಡಿದ್ದಾಳೆ ಪಾಪ. ನಾನು ನಿಜ ಹೇಳಿದೆ. ಇದ್ದದ್ದು ನಿಮ್ಮ ಮದುವೆ ವೀಡಿಯೊ ತೆಗೆಯುವ ಒಂದು ಕ್ಯಾಮೆರಾ. ಎಡಿಟಿಂಗ್ ಎಂದರೆ ಶಿವಮೊಗ್ಗಕ್ಕೆ ಹೋಗಬೇಕು. ಹಾಗಾಗಿ ಯಾವುದು ಮೊದಲು ಬರಬೇಕೋ ಅದನ್ನು ಮೊದಲು ತೆಗೆಯುವುದು, ತೆಗೆದ ಕ್ಯಾಸೆಟ್ಟನ್ನು ಹಾಗೇ ಪುಷ್ಪರಾಜನ ಕೈಗೆ ಕೊಡುವುದು. ಹೋದ ಊರಿನಲ್ಲೆಲ್ಲ ನಾನು ಮೊದಲು ಮಣೆ ಹಾಕಿ ರಂಗೋಲಿ ಬರೆಯಬೇಕು, ಆಮೇಲೇ ಆಟ.

ಅದರಿಂದ ಆದ ಅವಾಂತರಗಳಿಗೆಲ್ಲ ಅವಳು ಹೆಸರಿಟ್ಟಿದ್ದಾಳೆ. ತಾಳಗುಪ್ಪದಲ್ಲಿ ನೀವು ಬಾಯಿ ತೆರೆಯುವ ಹೊತ್ತಿಗೇ ರೈಲು ಕೂಗಿತ್ತಲ್ಲ, ಅದು ‘ರೈಲು ಆವೃತ್ತಿ’. ನಾನು ಸೀನಿ ಹೆಸರೆಲ್ಲ ಹಾರಿಹೋದದ್ದು ‘ಸೀನು ಆವೃತ್ತಿ’. ಕಾರ್ಗಲ್ಲಿನಲ್ಲಿ ಬುಟ್ಟಿ ಎತ್ತಿದರೆ ಹೆಸರಿನ ಮೇಲೆ ಬೆಕ್ಕು ಮಲಗಿತ್ತು, ನೆನಪಿದೆಯೇ? ಅದು ‘ಬೆಕ್ಕು ಆವೃತ್ತಿ’, ಸಿಗುವುದು ಬಹಳ ಅಪರೂಪವಂತೆ. ಫೈನಲ್ ಸುತ್ತು ಪ್ರತಿಸಲವೂ ಏಕೆ ಓಡಿ ಓಡಿ ಮುಗಿಯುತ್ತಿತ್ತು ಎಂದೂ ಕೇಳಿದಳು. ನಾವು ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆಯವರಮ್ಮ, ಬಿಸಿಲು ಇಳಿದಂತೆ ಇವರಿಗೆ ಪ್ರಶ್ನೆಗಿಂತ ಅನ್ನ ಮುಖ್ಯವಾಗುತ್ತಿತ್ತು ಎಂದೆ. ಅದನ್ನೂ ಬರೆದುಕೊಂಡಳು.

ಇನ್ನು ಎರಡನೆಯ ಲೋಗೊ. ಅದರ ವಿಷಯ ಬರೆಯಲು ಈಗಲೂ ಸಿಟ್ಟು ಬರುತ್ತದೆ, ಬರೆಯುತ್ತೇನೆ. 2008ರಲ್ಲಿ ನೀವು ನನ್ನನ್ನು ಒಂದು ಮಾತು ಕೇಳದೆ ಶಿವಮೊಗ್ಗದಲ್ಲಿ ಕಂಪ್ಯೂಟರ್ ಲೋಗೊ ಮಾಡಿಸಿಕೊಂಡು ಬಂದಿರಿ. ಭೂಮಿ ಗಿರಗಿರ ತಿರುಗುತ್ತದೆ, ಚಿನ್ನದ ಅಕ್ಷರಗಳು ಹಾರಿ ಬರುತ್ತವೆ, ಗುಡುಗುತ್ತದೆ. ಪುಷ್ಪರಾಜನ ಆಫೀಸಿಗೆ ಊರಿನವರನ್ನೆಲ್ಲ ಕರೆದು ತೋರಿಸಿದಿರಿ. ನಾನು ಅವರ ಜೊತೆಯಲ್ಲೇ ಕೂತು ಮೊದಲ ಸಲ ನೋಡಿದೆ. ಬುಟ್ಟಿ ಇಲ್ಲ, ಮಣೆ ಇಲ್ಲ, ನನ್ನ ಕೈ ಇಲ್ಲ. ಕೇಳಿದರೆ ಎಲ್ಲರೆದುರು ನಕ್ಕು, “ಕೈ ಇಲ್ದಿದ್ರೆ ಏನಾತು ಮಾರಾಯ್ತಿ, ಹೆಸರಲ್ಲಿ ಇದ್ದೀಯಲ್ಲ” ಎಂದಿರಿ. ಏಳು ವರ್ಷ ಆ ಬುಟ್ಟಿ ಎತ್ತಿದವಳಿಗೆ ಆಡುವ ಮಾತೇ ಅದು? ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದು ತೀರ್ಥಹಳ್ಳಿಯ ಅಕ್ಕನ ಮನೆಗೆ ಬಂದೆ.

ಒಂದು ವಾರಕ್ಕೆಂದು ಬಂದವಳು ನಾನು. ಹೆಂಡತಿ ಮುನಿಸಿಕೊಂಡು ಹೋದರೆ ಗಂಡ ಬಂದು ಕರೆಯುವುದು ನಮ್ಮ ಎರಡೂ ಮನೆಗಳಲ್ಲಿ ನಡೆದುಬಂದ ರೀತಿ. ನೀವು ಬರುತ್ತೀರಿ, ನಾನು ಎರಡು ದಿನ ಮುಖ ಊದಿಸಿಕೊಳ್ಳುತ್ತೇನೆ, ಆಮೇಲೆ ಹೊರಡುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ. ನೀವು ಬರಲಿಲ್ಲ, ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದಿರಿ. ಅಷ್ಟರಲ್ಲಿ ನಿಮ್ಮ ಚಿಕ್ಕಪ್ಪನ ಮಗಳು ತ್ರಿಶಲಾ ಫೋನ್ ಮಾಡಿದಳು. “ಅತ್ತಿಗೆ, ಆ ಗುಡುಗಿನ ಲೋಗೊ ತೆಗ್ದಾರೆ. ಬುಟ್ಟಿ ವಾಪಸ್ ಬಂದಿದೆ. ಆದ್ರೆ ಎತ್ತೋ ಬಳೆ ಕೈ ನಿಮ್ದಲ್ಲ, ಬೇರೆ ಯಾರ್ದೋ.” ನನ್ನ ಎದೆ ಒಡೆದದ್ದು ಆಗ. ನನ್ನ ಜಾಗದಲ್ಲಿ ಇನ್ನೊಬ್ಬಳು ಬಂದು ಕೂತಿದ್ದಾಳೆ ಎಂದರೆ ನಾನು ಯಾವ ಮನೆಗೆ ಮರಳುವುದು? ಅಕ್ಕನ ಮನೆಯಲ್ಲಿ ಕೇಬಲ್ ಇರಲಿಲ್ಲ. ಮುಂದೆ ನಾನೇ ಮನೆ ಮಾಡಿದಾಗಲೂ ಹಾಕಿಸಲಿಲ್ಲ. ಆ ಕೈಯನ್ನು ಕಣ್ಣಿನಿಂದ ನೋಡುವುದೇ ಬೇಡ ಎಂದು ಹಟ ಹಿಡಿದೆ. ಇಷ್ಟು ವರ್ಷ ನಾನು ಸಾಗರದ ಕಡೆ ತಲೆ ಹಾಕದೆ ಇದ್ದದ್ದು ಆ ಕೈಯ ದೆಸೆಯಿಂದ.

ಧನ್ಯಶ್ರೀ ಬಂದದ್ದೂ ಅದೇ ಕೈ ಹಿಡಿದುಕೊಂಡು. ‘ಮೂರನೆಯ ಲೋಗೊ, 2008ರಿಂದ 2012. ಬುಟ್ಟಿ ಎತ್ತುವ ಕೈ: ಗೊತ್ತಿಲ್ಲ.’ ಆ ಕೈ ಯಾರದೋ ಅವರ ಹೆಸರು ಬೇಕು ಆಂಟಿ ಎಂದಳು. ಬೇಡ ಬೇಡ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿಯೇಬಿಟ್ಟಳು.

ರೀ, ನಾನು ನಕ್ಕ ನಗುವಿಗೆ ಕುಡಿಯುತ್ತಿದ್ದ ಕಾಫಿ ಮೂಗಿಗೆ ಹತ್ತಿತು. ಹುಡುಗಿ ಗಾಬರಿಯಾಗಿ ಬೆನ್ನು ತಟ್ಟಿದಳು. ಆ ಕೈಯ ತುಂಬ ಕೂದಲು! ಮಣಿಕಟ್ಟಿನಲ್ಲಿ ದಿನವೂ ವಾಚ್ ಕಟ್ಟಿ ಬೆಳ್ಳಗಾದ ಪಟ್ಟೆ! ನನ್ನ ಪ್ಲಾಸ್ಟಿಕ್ ಬಳೆಗಳು ಹಿಡಿಸದೆ, ಹಿಂಭಾಗದಲ್ಲಿ ಕತ್ತರಿಸಿದ ತುದಿಗಳು ಬಾಯಿ ಬಿಟ್ಟುಕೊಂಡಿವೆ. ಬುಟ್ಟಿಯನ್ನು ಎತ್ತುವುದೋ, ಬಿಸಿ ಪಾತ್ರೆ ಇಳಿಸುವ ಹಾಗೆ ಬೆರಳ ತುದಿಯಲ್ಲಿ. ಕೆಳಗಿನ ರಂಗೋಲಿಯನ್ನು ನನ್ನ ಮೂರನೇ ಕ್ಲಾಸಿನ ಮಕ್ಕಳು ಬರೆದಿದ್ದರೆ ತಿದ್ದಿಸುತ್ತಿದ್ದೆ. ಒಂದಾದ ಮೇಲೊಂದು ಹಾಕಿಸಿಕೊಂಡು ನೋಡಿದೆ. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅವಳು ಹೋದ ಮೇಲೂ ಒಬ್ಬಳೇ ನಕ್ಕೆ.

ಆದರೂ ನಿಮ್ಮ ಬಾಯಿಂದಲೇ ಕೇಳಬೇಕು. ಆ ಕೈ ನಿಮ್ಮದೇ? ಹೌದಾದರೆ ಏಕೆ ಹಾಗೆ ಮಾಡಿದಿರಿ? ಫೆಬ್ರವರಿಯ ಮೊದಲ ಭಾನುವಾರ ಧನ್ಯಶ್ರೀ ತನ್ನ ಕಾಲೇಜಿನಲ್ಲಿ ಹಳೆಯ ಲೋಗೊಗಳನ್ನೆಲ್ಲ ತೋರಿಸುತ್ತಾಳಂತೆ. ನಮ್ಮದನ್ನು ಎಲ್ಲರ ಎದುರು ಇನ್ನೊಮ್ಮೆ ಮಾಡಬೇಕಂತೆ. ರಂಗೋಲಿ ಬರೆಯಲು ಒಪ್ಪಿದ್ದೇನೆ. ಬುಟ್ಟಿ ಎತ್ತುವುದು ಯಾರು ಎಂದು ನೀವು ಹೇಳಿ. ಕಾರ್ಯಕ್ರಮ ಮುಗಿದ ಮೇಲೆ ಹೊಸನಗರದಲ್ಲಿ ನಾನು ತೀರ್ಥಹಳ್ಳಿಯ ಬಸ್ಸು ಹತ್ತಬೇಕೋ ಸಾಗರದ ಬಸ್ಸು ಹತ್ತಬೇಕೋ ಎನ್ನುವುದು ನಿಮ್ಮ ಉತ್ತರದ ಮೇಲಿದೆ. ‘ಹೂಂ’ ಎಂದಷ್ಟೇ ಬರೆದರೆ ಕಾಗದ ಹರಿದುಹಾಕುತ್ತೇನೆ.

ಇನ್ನೂ ಸ್ವಲ್ಪ ಸಿಟ್ಟಿನಲ್ಲಿರುವ,
ಶೀಲಾವತಿ

ತಾ.ಕ.: ಪುಟದಲ್ಲಿ ‘ಕೈ: ಗೊತ್ತಿಲ್ಲ’ ಎಂದೇ ಇದೆ. ನಿಮ್ಮ ಕಾಗದ ಬರುವವರೆಗೆ ಅದನ್ನು ಮುಟ್ಟಬೇಡ ಎಂದು ಧನ್ಯಶ್ರೀಗೆ ಹೇಳಿದ್ದೇನೆ.

*

ಸಾಗರ
17 ಜನವರಿ 2025

ಪ್ರೀತಿಯ ಶೀಲಾ,

ನಾನು ಗೀಟು ಎಳೆದಿಲ್ಲ.

ಕೈ ನನ್ನದೇ. ಆ ಹುಡುಗಿ ಕೇಳಿದಾಗ ಹೇಳಲು ನಾಚಿಕೆಯಾಯಿತು, ಅದಕ್ಕೇ ನಿನ್ನ ಹತ್ತಿರ ಕಳಿಸಿದೆ. ಶಿವಮೊಗ್ಗದ ಲೋಗೊ ಮೂರು ವಾರ ಬಂತು. ಮೂರನೇ ವಾರ ಆ ಗುಡುಗು ಕೇಳುವಾಗ ನನಗೇ ಹೇಸಿಗೆಯಾಯಿತು. ಆಟ ನಡೆಸಿದ್ದು ನಾವು, ಆ ತಿರುಗುವ ಭೂಮಿ ಯಾರದ್ದೋ. ಬುಟ್ಟಿ, ಮಣೆ ಮತ್ತೆ ಹೊರಗೆ ತೆಗೆದೆ. ಎತ್ತುವುದಕ್ಕೆ ಹೆಂಗಸರು ಬೇಕಾದಷ್ಟು ಜನ ಸಿಗುತ್ತಿದ್ದರು. ನನಗೆ ಮನಸ್ಸು ಬರಲಿಲ್ಲ. ಆ ಜಾಗದಲ್ಲಿ ಇನ್ನೊಬ್ಬರ ಕೈ ಇಡುವುದು ನನ್ನಿಂದ ಆಗಲಿಲ್ಲ. ಕನ್ನಡಿಯ ಹತ್ತಿರ ನೀನು ಬಿಟ್ಟುಹೋದ ಬಳೆಗಳಿದ್ದವು. ಗರಗಸದಲ್ಲಿ ಕೊಯ್ದು ಹಾಕಿಕೊಂಡೆ. ಪುಷ್ಪರಾಜ ಬಿದ್ದು ಬಿದ್ದು ನಕ್ಕ. ತ್ರಿಶಲಾಗೆ ಕನ್ನಡಕ ಬಂದದ್ದು ಮರುವರ್ಷ. ನಿನಗೆ ಫೋನ್ ಮಾಡುವ ಮೊದಲೇ ಬರಬೇಕಿತ್ತು.

ಏಕೆ ಮಾಡಿದೆ ಎಂದು ಕೇಳಿದ್ದೀಯ. ನಿನ್ನನ್ನು ನಗಿಸಲು. ಆ ಕೈ ನೋಡಿದರೆ ಶೀಲಾ ನಗದೆ ಇರಲಾರಳು, ನಕ್ಕರೆ ಬಂದುಬಿಡುತ್ತಾಳೆ ಎಂದುಕೊಂಡೆ. ವಾರ ವಾರವೂ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯನ್ನು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಕಳಿಸುತ್ತಿದ್ದೆ. ಅಲ್ಲಿನ ಕೇಬಲ್‌ನವರು ಶನಿವಾರ ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋಗಿ ಪೇಪರ್ ಓದುತ್ತಾ ಕೂರುತ್ತಿದ್ದೆ. ನೀನು ಇಳಿಯುತ್ತಿರಲಿಲ್ಲ. ನೋಡಿದಳು, ಆದರೂ ನಗು ಬರಲಿಲ್ಲ, ಅಷ್ಟು ನೋಯಿಸಿದ್ದೇನೆ ಎಂದುಕೊಂಡು ಮುಂದಿನ ವಾರ ಇನ್ನಷ್ಟು ಬಳೆ ಹಾಕಿಕೊಳ್ಳುತ್ತಿದ್ದೆ. ಕೊನೆಕೊನೆಗೆ ಮೊಣಕೈವರೆಗೂ ಬಂದಿತ್ತು, ಧನ್ಯಶ್ರೀ ತೋರಿಸಿದಳೋ ಇಲ್ಲವೋ. ನಾಲ್ಕು ವರ್ಷ ಹೀಗೆ ನಡೆಸಿ ಆಟವನ್ನೇ ನಿಲ್ಲಿಸಿಬಿಟ್ಟೆ. ನಿನ್ನ ಮನೆಯಲ್ಲಿ ಕೇಬಲ್ಲೇ ಇಲ್ಲ ಎಂದು ಮೊನ್ನೆ ನಿನ್ನ ಕಾಗದ ನೋಡಿಯೇ ನನಗೆ ಗೊತ್ತಾದದ್ದು. ಓದಿ ಜಗಲಿಯಲ್ಲಿ ಕೂತು ಜೋರಾಗಿ ನಕ್ಕೆ. ನೀನು ನಕ್ಕಿದ್ದೀಯಲ್ಲ, ತಡವಾದರೂ ನಕ್ಕಿದ್ದೀಯ. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಹೊಸನಗರದಲ್ಲಿ ಬುಟ್ಟಿ ಎತ್ತುವವಳು ನೀನು. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಲು ನನಗೂ ಅಲ್ಲಿ ಒಂದು ನಿಮಿಷ ಬೇಕು, ಧನ್ಯಶ್ರೀಗೆ ಹೇಳಿಡು.

ನಿನ್ನ,
ಹೇಮಚಂದ್ರ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟವನಿಗೆ, ಕಾಗದ ಕಳಿಸುವುದೂ ಆಗ ಜನ ಕಳಿಸಿದ ಹಾಗೆಯೇ ಅಲ್ಲವೇ ಎನ್ನಿಸಿತು. ತೀರ್ಥಹಳ್ಳಿಯ ಬಸ್ಸು ಹತ್ತಿ ನಾನೇ ಕರೆಯಲು ಬಂದಿದ್ದೇನೆ. ಶಾಲೆಯಿಂದ ಬಂದು ನೀನು ಒಳಗೆ ಹೋದದ್ದನ್ನು ನೋಡಿದೆ, ಕೂಗಲು ಧೈರ್ಯ ಸಾಲಲಿಲ್ಲ. ನಿನ್ನ ಮೆಟ್ಟಿಲ ಮೇಲೆ ಕೂತು ಈ ಸಾಲು ಬರೆದು ಬಾಗಿಲ ಸಂದಿಯಿಂದ ತಳ್ಳುತ್ತಿದ್ದೇನೆ. ಪಕ್ಕದ ಮನೆಯವರು ಯಾರು ನೀವು ಎಂದು ಕೇಳಿದರು. ಇವರ ಯಜಮಾನ್ರು ಎಂದೆ. ನಂಬಿದ ಹಾಗೆ ಕಾಣಲಿಲ್ಲ. ನೀನೇ ಬಂದು ಹೇಳು.