ಯಾರನ್ನು ನೋಡಬೇಕು?

ಮೇ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಸಿಡುಕಿ ಮಾಡುವ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಫೋನಿನಲ್ಲಿ ಕೇಳಿದರೆ ನಾನು ಮಾತು ಹಾರಿಸುತ್ತೇನೆಂದು ಗೊತ್ತಿದ್ದೇ ನೀನು ಕಾಗದ ಬರೆದೆ. ಗುಬ್ಬಿಗೆ ಈ ವರ್ಷ ಒಂದನೇ ಕ್ಲಾಸು, ನಮ್ಮ ಬೀದಿಯ ಶಾಲೆಗೇ ಸೇರಿಸಲೋ, ನೀನು ಕರೆದುಕೊಂಡು ಹೋಗುತ್ತೀಯೋ, ತಿಂಗಳ ಕೊನೆಯೊಳಗೆ ಹೇಳು ಎಂದು ಕೇಳಿದ್ದೆ. ನ್ಯಾಯವಾದ ಪ್ರಶ್ನೆಯೇ. ಮೂರು ವರ್ಷದಿಂದ ನನ್ನ ಮಗಳನ್ನು ಸಾಕುತ್ತಿರುವವಳು ನೀನು. ತಡವಾಯಿತೆಂದು ಬೈಯಬೇಡ. ಉತ್ತರ ನನ್ನ ಕೈಯಲ್ಲಿರಲಿಲ್ಲ, ಆಸ್ಪತ್ರೆಯವರ ಕೈಯಲ್ಲಿತ್ತು.

ನಿನಗೆ ಗೊತ್ತಲ್ಲ, ನಮ್ಮ ಲ್ಯಾಬಿನಲ್ಲಿ ನನ್ನಂಥವರಿಗೆ ಹನ್ನೊಂದು ತಿಂಗಳ ಗುತ್ತಿಗೆ. ಅದು ಮುಗಿದ ಮೇಲೆ ಒಂದು ದಿನ "ಬ್ರೇಕ್". ಆ ದಿನ ಗುರುತಿನ ಚೀಟಿ ವಾಪಸ್ಸು ಕೊಟ್ಟು ಮನೆಯಲ್ಲಿ ಕೂರಬೇಕು, ಮಾರನೆಯ ದಿನ ಹೊಸಬಳಾಗಿ ಸೇರಬೇಕು. ಎಡೆಬಿಡದೆ ದುಡಿದಿದ್ದೇವೆ, ಕಾಯಂ ಮಾಡಿ ಎಂದು ನಾವು ಕೇಳಬಾರದಲ್ಲ, ಅದಕ್ಕೆ ಈ ನಾಟಕ. ಪ್ರತಿ ಸಲವೂ ಹೊಸಬರ ಜೊತೆ ಕೂರಿಸಿ ಕ್ಯಾಂಟೀನು ಎಲ್ಲಿದೆ, ಬೆಂಕಿ ಬಿದ್ದರೆ ಯಾವ ಮೆಟ್ಟಿಲಲ್ಲಿ ಓಡಬೇಕು ಎಂದು ತೋರಿಸುತ್ತಾರೆ. ಹೋದ ವರ್ಷ ನನಗೆ ಕ್ಯಾಂಟೀನು ತೋರಿಸಿದ ಹುಡುಗಿಗೆ ಅದನ್ನು ಮೊದಲು ತೋರಿಸಿದವಳೇ ನಾನು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

"ಈ ಸಲ ನಿಮ್ದು ಖಂಡಿತ ಕಾಯಂ ಆಗುತ್ತೆ ಮೇಡಂ, ಫೈಲು ಮೇಲೆ ಹೋಗಿದೆ" ಎಂದು ಆಫೀಸಿನವರು ಪ್ರತಿ ವರ್ಷವೂ ಮೂಗಿಗೆ ತುಪ್ಪ ಸವರಿದರು. ಆ ವಾಸನೆ ಹಿಡಿದು ನಾನೂ ನಿನಗೆ "ಇನ್ನೊಂದೇ ವರ್ಷ ನೋಡ್ಕೊ ಅಕ್ಕ" ಎನ್ನುತ್ತ ಬಂದೆ. ಇನ್ನೇನು ಮಾಡಲಿ? ನಾಳೆ ಯಾವ ಪಾಳಿ ಎಂದು ಇವತ್ತು ಸಂಜೆ ಹೇಳುತ್ತಾರೆ. ಗೋದಾಮಿನಲ್ಲಿ ಇವರ ಪಾಳಿಯೂ ಹಾಗೇ. ಗಂಡ ಹೆಂಡತಿ ಮುಖ ನೋಡಿಕೊಳ್ಳುವುದು ಬಾಗಿಲಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ಯಾರು ಎತ್ತು, ಯಾರು ಕೋಣ ಎಂದು ಕೇಳಬೇಡ. ಕಾಯಂ ಆದವರಿಗೆ ಹಗಲು ಪಾಳಿ, ಆಗ ಮಗುವನ್ನು ಕರೆಸಿಕೊಳ್ಳೋಣ ಎಂಬುದು ನಮ್ಮ ಲೆಕ್ಕವಾಗಿತ್ತು.

ಈ ಸಲದ ಬ್ರೇಕ್ ಬಂದದ್ದು ಹೋದ ಸೋಮವಾರ. ಮಂಗಳವಾರ ಮತ್ತೆ ಸೇರಿಸಿಕೊಳ್ಳುವ ಆರ್ಡರು ಬರಲಿಲ್ಲ. ಬುಧವಾರ ಬೆಳಿಗ್ಗೆ ನಮ್ಮ ಲ್ಯಾಬಿನ ಡಾಕ್ಟರು ಫೋನು ಮಾಡಿದರು. "ಆರ್ಡರ್‌ಗೆ ಇನ್ನೂ ಸಹಿ ಬಿದ್ದಿಲ್ಲಮ್ಮ. ಆದ್ರೆ ಸ್ಯಾಂಪಲ್ಲು ರಾಶಿ ಬಿದ್ದಿದೆ. ಸುಮ್ನೆ ಬಂದು ಒಂದು ಕೈ ಹಾಕಿ, ಆಮೇಲೆ ಸರಿಮಾಡೋಣ" ಎಂದರು.

ಹೋದೆ. ಗೇಟಿನಲ್ಲಿ ಚೀಟಿಯಿಲ್ಲದವರನ್ನು ಒಳಗೆ ಬಿಡುವಂತಿಲ್ಲ. ದಿನಾ ನಮಸ್ಕಾರ ಹೇಳುವ ಕಾವಲಿನವನು ಪುಸ್ತಕ ಮುಂದಿಟ್ಟು, ತಲೆ ತಗ್ಗಿಸಿ, "ಯಾರನ್ನ ನೋಡ್ಬೇಕು ಮೇಡಂ?" ಎಂದು ಕೇಳಿದ.

"ನನ್ನನ್ನೇ" ಎಂದೆ.

"ತಮಾಷೆ ಮಾಡ್ಬೇಡಿ ಮೇಡಂ, ಮೇಲೆ ಕ್ಯಾಮೆರಾ ಇದೆ. ಏನಾದ್ರೂ ಬರೀರಿ."

ಡಾಕ್ಟರ ಹೆಸರು ಬರೆದು, "ಸಂದರ್ಶಕರು" ಎಂದು ಅಚ್ಚಾದ ಹಳದಿ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಸಂಜೆಯವರೆಗೆ ಊರವರ ರಕ್ತ ಪರೀಕ್ಷೆ ಮಾಡಿದೆ. ಗುರುವಾರವೂ ಮಾಡಿದೆ. ಶುಕ್ರವಾರ ಆ ಪುಣ್ಯಾತ್ಮ, "ನಿಮಗೇ ಅಂತ ಹೊಸ ಚೀಟಿ ತೆಗೆದಿಟ್ಟಿದೀನಿ ಮೇಡಂ, ಆ ಹಳೇದು ಕೊಳೆಯಾಗಿತ್ತು" ಎಂದು ಪ್ರೀತಿಯಿಂದಲೇ ಕೊಟ್ಟ. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ.

ಹಿಂದೆಯೇ ಬಂದ ಡಾಕ್ಟರು, "ಯಾಕಮ್ಮ ನಿಂತ್ರಿ? ಎರಡು ದಿನ ಹಾಕ್ಕೊಂಡ್ರಲ್ಲ, ಒಂದು ಚೀಟಿ ತಾನೆ" ಎಂದರು.

"ಚೀಟಿ ತಾನೆ ಸರ್, ನೀವೇ ಹಾಕ್ಕೊಳ್ಳಿ" ಎಂದು ಅವರ ಕೈಗಿಟ್ಟೆ.

"ಇವತ್ತು ಹೊರಟುಹೋದ್ರೆ ಆರ್ಡರ್ ಬರೋದು ಕಷ್ಟ ಆಗುತ್ತೆ ನೋಡಿ" ಎಂದರು. ಬೆದರಿಸಿದರೋ ಬುದ್ಧಿ ಹೇಳಿದರೋ ತಿಳಿಯಲಿಲ್ಲ. "ಇಷ್ಟು ವರ್ಷ ಸುಲಭವಾಗಿ ಬಂತಾ ಸರ್?" ಎಂದು ಕೇಳಿ ಹೊರಟುಬಂದೆ. ಸುಳ್ಳು ಯಾಕೆ ಹೇಳಲಿ ಅಕ್ಕ, ಯಾರಾದರೂ ವಾಪಸ್ಸು ಕರೆಯುತ್ತಾರೇನೋ ಎಂದು ಬಸ್‌ಸ್ಟಾಪಿನವರೆಗೂ ತಿರುಗಿ ತಿರುಗಿ ನೋಡಿದೆ.

ಇವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತೇನೆ?" ಎಂದರು. "ಮೂಗು ಇದ್ದಾಗ ತುಪ್ಪ ಸವರಿಸಿಕೊಂಡದ್ದೇ ಬಂತು" ಎಂದೆ. ನಕ್ಕರು, ಆದರೆ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ನನಗೂ ಭಯವಿದೆ. ಆರ್ಡರು ಇವತ್ತಿನವರೆಗೂ ಬಂದಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಅಲ್ಲಿ ಶಾಲೆಗೆ ಅರ್ಜಿ ಹಾಕಬೇಡ. ಕೆಲಸ ಇರಲಿ ಬಿಡಲಿ, ಬರುವ ಭಾನುವಾರ ಬಂದು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ. ಹೊಟ್ಟೆಗೇನು ಮಾಡುತ್ತೀಯ ಎಂದು ಕೇಳುತ್ತೀಯ. ನಮ್ಮ ಬೀದಿ ಕೊನೆಯ ಸಣ್ಣ ಲ್ಯಾಬಿನಲ್ಲಿ ಬೆಳಗಿನ ಹೊತ್ತು ರಕ್ತ ತೆಗೆಯಲು ಜನ ಬೇಕಂತೆ. ಅದೂ ಎಷ್ಟು ದಿನದ್ದೋ ದೇವರೇ ಬಲ್ಲ. ಆದರೆ ಕಾಯಂ ಆಗಲಿ, ಆಗಲಿ ಎಂದು ಕಾಯುತ್ತ ಕೂತರೆ ಮಗಳು ಮದುವೆಗೆ ಬಂದಿರುತ್ತಾಳೆ. ಅವಳಿಲ್ಲದೆ ನಿನ್ನ ಮನೆ ಬಿಕೋ ಎನ್ನುತ್ತದೆ, ಗೊತ್ತು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಂಡಿನೋವಿಗೆ ಕೊಟ್ಟ ಮಾತ್ರೆಯನ್ನು ಡಬ್ಬಿಯಲ್ಲಿಟ್ಟು ಪೂಜೆ ಮಾಡದೆ ನುಂಗು. ಗುಬ್ಬಿಗೆ ನನ್ನ ಮುತ್ತು, ನೂರು ವರ್ಷ ಸುಖವಾಗಿರಲಿ.

ನಿನ್ನ
ಸಿಡುಕಿ

ತಾ.ಕ.: ಎರಡು ದಿನ ಹಾಕಿಕೊಂಡ ಚೀಟಿ ಮೂರನೆಯ ದಿನ ಯಾಕೆ ಆಗಲಿಲ್ಲ ಎಂದು ಇವರಿಗೂ ಹೇಳಿಲ್ಲ. ಹೋದ ತಿಂಗಳು ನಾನು ಬಂದಾಗ ನೀನು ಅಡುಗೆಮನೆಯಲ್ಲಿದ್ದೆ, ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಸೋಪಿಗೆ ಕೈ ಹಾಕುವಷ್ಟರಲ್ಲಿ ಗುಬ್ಬಿ ಓಡಿಬಂದು, "ಅದಲ್ಲಮ್ಮ, ಅದು ಮನೆಯವರದ್ದು" ಎಂದಳು. ಸ್ಟೂಲು ಹತ್ತಿ ಹೊಸ ಸೋಪು ತೆಗೆದು, ಕಾಗದ ಬಿಚ್ಚಿ, "ನೆಂಟರಿಗೆ ಹೊಸದು ಕೊಡ್ಬೇಕು" ಎಂದು ನನ್ನ ಕೈಗಿಟ್ಟಳು. ಮರ್ಯಾದೆ ಚೆನ್ನಾಗಿ ಕಲಿಸಿದ್ದೀಯ, ಅದರಲ್ಲಿ ನಿನ್ನ ತಪ್ಪೇನಿಲ್ಲ. ಒಂದು ಕಡೆಯಾದರೆ ಬಂದುಹೋಗುವವಳಾಗಿ ಇದ್ದೇನು ಅಕ್ಕ, ಎರಡೂ ಕಡೆ ನನ್ನ ಕೈಲಾಗುವುದಿಲ್ಲ. ಆ ಸೋಪು ಇನ್ನೂ ಉಳಿದಿದ್ದರೆ ನೀವೇ ಬಳಸಿ ಮುಗಿಸಿಬಿಡಿ. ಭಾನುವಾರ ನನಗೆ ನಿಮ್ಮದೇ ಸಾಕು.