ಒಂಬತ್ತನೇ ಲಕ್ಷಣ

11 ಫೆಬ್ರವರಿ 2002, ಸೋಮವಾರ

ಟೊಮೆಟೊ ಎರಡು ವಾಪಸು ಬಂದವು. ಒಂದಕ್ಕೆ ತೊಟ್ಟಿಲ್ಲ. ಹೂಕೋಸಿನ ಮೇಲೆ ಸಾಂಬಾರು. ಗಾಂಧೀಜಿ ಕನ್ನಡಕ ಕಳೆದದ್ದು ಈ ವರ್ಷ ಇದು ನಾಲ್ಕನೇ ಸಲ. ಸ್ಕೂಲ್ ಡೇ ಸೀಸನ್ ಮುಗಿದ ಮೇಲೆ ಶಿವಾಜಿನಗರದ ನನ್ನ ಫ್ಯಾನ್ಸಿ ಡ್ರೆಸ್ ಅಂಗಡಿ ಅಂಗಡಿಯೋ ಧೋಬಿಘಾಟೋ ತಿಳಿಯುವುದಿಲ್ಲ. ಮಿಷನ್ ಮುಂದೆ ಕೂತು ಹಮೀದಾ ಆ ಮಕ್ಕಳ ತಾಯಂದಿರನ್ನೆಲ್ಲ ಉರ್ದುವಿನಲ್ಲಿ ಬೈಯುತ್ತಿದ್ದಳು. ನನಗೆ ಅರ್ಥವಾಗುತ್ತದೆ. ಇನ್ನಷ್ಟು ಬೈಯಬಹುದಿತ್ತು.

ಮಧ್ಯಾಹ್ನ ಇಂದಿರಾನಗರದಿಂದ ಶ್ರೀನಾಥ್ ಅನ್ನುವವರು ಬಂದರು. ಕೇಬಲ್ ಚಾನೆಲ್ಲಿಗೆ ಮಕ್ಕಳ ಸೀರಿಯಲ್ ಮಾಡುವ ಡೈರೆಕ್ಟರ್. ಬೇರೆ ಗ್ರಹದ ಪ್ರಾಣಿಯ ವೇಷ ಬೇಕಂತೆ. ಪ್ರಾಣಿಯ ಹೆಸರು ಗುಮ್ರಾಲು. ಅದರ ಲಕ್ಷಣಗಳನ್ನು ನಂಬರ್ ಹಾಕಿ ಟೈಪ್ ಮಾಡಿಸಿ ತಂದಿದ್ದರು. ಹಾಳೆ ಕಳೆದರೆ ಮತ್ತೆ ನನ್ನ ತಲೆಗೇ ಬರುತ್ತದೆ, ಇಲ್ಲೂ ಬರೆದಿಡುತ್ತೇನೆ.

ಒಂದು, ನಾಲ್ಕಡಿ ಎತ್ತರ. ಎರಡು, ಹಲಸಿನ ಸಿಪ್ಪೆಯಂಥ ಚರ್ಮ, ಬೂದಿ ಹಸಿರು. ಮೂರು, ಕುತ್ತಿಗೆ ಇಲ್ಲ, ತಲೆ ನೇರ ಭುಜದ ಮೇಲೆ. ನಾಲ್ಕು, ಕೈಗೆ ಮೂರೇ ಬೆರಳು. ಐದು, ಕಿವಿ ಮೊಣಕೈಯಲ್ಲಿ! ಆರು, ಬಾಲ ಮೈಗಿಂತ ಉದ್ದ, ತುದಿಯಲ್ಲಿ ಗೆಡ್ಡೆ. ಏಳು, ಕಣ್ಣು ಓತಿಕ್ಯಾತನ ಹಾಗೆ ಎರಡು ಪಕ್ಕಕ್ಕೆ, ಮಿಟುಕಿಸುವುದಿಲ್ಲ. ಎಂಟು, ಬಾಯಿ ಇಲ್ಲ, ಬೆನ್ನಿನ ಮುಳ್ಳುಗಳಿಂದ ಬಿಸಿಲು ಕುಡಿಯುತ್ತದೆ. ಒಂಬತ್ತು, ಉಸಿರಾಡುವುದಿಲ್ಲ.

"ಮೂಗೂ ಬೇಡ್ವಾ ಸಾರ್?" ಅಂದೆ.

"ಅವ್ರ ಗ್ರಹದಲ್ಲಿ ಗಾಳೀನೇ ಇಲ್ಲ ಮೇಡಂ. ಸೈಂಟಿಫಿಕ್ ಆಗಿರ್ಬೇಕು. ಎದೆ ಮೇಲೆ ಕೆಳಗೆ ಆಡೋದು ಕ್ಯಾಮೆರಾಗೆ ಕಾಣ್ಲೇಬಾರ್ದು."

"ಒಳಗಿರೋರು?"

"ಅದು ನೀವು ನೋಡ್ಕೊಳ್ಳಿ."

ಮೊಣಕೈಯಲ್ಲಿ ಕಿವಿ ಇಡುವವರು ನನಗೆ ಸೈನ್ಸ್ ಹೇಳುತ್ತಾರೆ. ಮೈಯೆಲ್ಲ ಉರಿಯಿತು. ಆದರೂ ಒಪ್ಪಿಕೊಂಡೆ. ಹನ್ನೆರಡು ವರ್ಷ ತರಕಾರಿ ಹೊಲಿದಿದ್ದೇನೆ. ಒಂದು ಪ್ರಾಣಿ ಮಾಡಬೇಕು ಅನ್ನಿಸಿತು.

14 ಫೆಬ್ರವರಿ

ಅಳತೆ ಕೊಡಲು ಧನಲಕ್ಷ್ಮಿ ಬಂದಿದ್ದಳು. ಗುಮ್ರಾಲು ಒಳಗೆ ಇರುವವಳು ಇವಳೇ. ವಯಸ್ಸು ಇಪ್ಪತ್ತಾರು, ಎತ್ತರ ಮೂರಡಿ ಹತ್ತಿಂಚು. ನಮ್ಮ ಹಲಸೂರಿನವಳೇ, ಕೆರೆ ಹತ್ತಿರ ಮನೆ. ಇಲ್ಲಿವರೆಗೆ ಛತ್ರಗಳ ಬಾಗಿಲಲ್ಲಿ ಜೋಕರ್ ಕೋಟು ಹಾಕಿಕೊಂಡು ಬಂದವರ ಕೈಕುಲುಕುವ ಕೆಲಸ.

"ಕೈ ಕುಲುಕಿದ್ರೆ ಪರವಾಗಿಲ್ಲ ಅಕ್ಕ. ಎತ್ಕೊತಾರೆ. ಕೇಳೋದೂ ಇಲ್ಲ, ಫೋಟೋಗೆ ಅಂತ ಸೊಂಟಕ್ಕೆ ಕೈ ಹಾಕಿ ಎತ್ಕೊಂಬಿಡ್ತಾರೆ. ನಾನೇನು ಮಗುವಾ?"

ಟೇಪು ಹಿಡಿದ ನನ್ನ ಕೈ ನಿಂತಿತು. ಆ ಗಂಡಸರ ಕೈಗೆ ಒಂದೊಂದು ಸೂಜಿ ಚುಚ್ಚಬೇಕು, ದಬ್ಬಳವಾದರೂ ಸರಿ.

"ಇದ್ರೊಳಗೆ ಇದ್ರೆ ಯಾರೂ ಎತ್ಕೊಳ್ಳಲ್ಲ. ನೋಡಿದ್ರೆ ಹೆದರ್ಬೇಕು. ಮುಳ್ಳು ಇನ್ನೊಂಚೂರು ಉದ್ದ ಮಾಡು ಅಕ್ಕ" ಅಂದಳು.

ಮಾಡುತ್ತೇನೆ. ಇನ್ನೊಂದು ಕೆಲಸವನ್ನೂ ಮಾಡುತ್ತೇನೆ. ಗದ್ದದ ಕೆಳಗೆ, ಕುತ್ತಿಗೆ ಇಲ್ಲದ ಆ ಮಡಿಕೆಯಲ್ಲಿ, ಎರಡೂ ಪಕ್ಕ ಅಂಗೈ ಅಗಲ ಸೊಳ್ಳೆಪರದೆ ಬಟ್ಟೆ. ಮೇಲೆ ಮುಳ್ಳಿನ ಸಾಲು. ಗಾಳಿ ಆಡುತ್ತದೆ, ಯಾರ ಅಪ್ಪನಿಗೂ ಕಾಣುವುದಿಲ್ಲ. ಶ್ರೀನಾಥ್‌ಗೆ ಹೇಳುವುದಿಲ್ಲ. ಹಮೀದಾಗೆ, ಧನಾಗೆ ಮಾತ್ರ ಗೊತ್ತು.

23 ಫೆಬ್ರವರಿ, ಬಕ್ರೀದ್

ಹಮೀದಾ ರಜ. ಒಬ್ಬಳೇ. ಬೆಳಿಗ್ಗೆ ಶ್ರೀನಾಥ್ ಫೋನು — ಟೆಸ್ಟಿನಲ್ಲಿ ಬಣ್ಣ ಡಲ್ ಕಾಣುತ್ತಿದೆ, ಈಗ ತಾನೇ ನೀರಿನಿಂದ ಎದ್ದ ಹಾಗೆ ಮಿಂಚಬೇಕು, ಇವತ್ತೇ ಬೇಕು. ಇವರಪ್ಪನ ಮನೆ ಆಳು ನಾನು. ಬಡಗಿಗಳ ಬಿಳಿ ಗೋಂದನ್ನು ಬಣ್ಣಕ್ಕೆ ಬೆರೆಸಿ ತಲೆಯಿಂದ ಬಾಲದವರೆಗೆ ಇನ್ನೊಂದು ಕೋಟು ಹೊಡೆದೆ. ಟೊಮೆಟೊಗೆ ಹೊಳಪು ಬರಲು ಯಾವಾಗಲೂ ಮಾಡುವುದು ಹೀಗೇ. ಫ್ಯಾನ್ ಕೆಳಗೆ ಎರಡು ಗಂಟೆಯಲ್ಲಿ ಒಣಗಿತು. ಮಿಂಚಿತು. ಹೊಲಿಗೆ ಎಲ್ಲಿದೆ ಅಂತ ನನಗೇ ಕಾಣುತ್ತಿರಲಿಲ್ಲ. ಕೈ ಅಂದರೆ ಇದು.

ಸಂಜೆ ಪುಲಿಕೇಶಿನಗರಕ್ಕೆ ಹಮೀದಾ ಮನೆಗೆ ಹೋಗಿ ಬಿರಿಯಾನಿ ತಿಂದು ಬಂದೆ.

6 ಮಾರ್ಚ್

ಕೆ.ಆರ್. ಪುರದ ಶೆಡ್‌ನಲ್ಲಿ ಗುಮ್ರಾಲು ಸೀನುಗಳ ಮೂರನೇ ದಿನದ ಶೂಟಿಂಗ್. ಶೀಟಿನ ಸೂರು, ಕಿಟಕಿ ಮುಚ್ಚಿದ್ದಾರೆ. ಒಂದೊಂದು ಟೇಕ್ ಅರ್ಧ ನಿಮಿಷ, ಆಮೇಲೆ ತಲೆ ತೆಗೆಸುತ್ತೇನೆ. ತೆಗೆದಾಗ ಧನಾ ಮುಖ ಬೇಯಿಸಿದ ಬೀಟ್‌ರೂಟ್. ತಲೆನೋವು ಅನ್ನುತ್ತಾಳೆ.

ಬರದೆ ಇರುತ್ತದಾ? ಕ್ಯಾಮೆರಾ ಹತ್ತಿರ ಬಂದರೆ ಸಾಕು ಶ್ರೀನಾಥ್ ಮೈಕಿನಲ್ಲಿ ಕೂಗುತ್ತಾರೆ: "ಉಸಿರು ಹಿಡ್ಕೊಳ್ಳಮ್ಮ! ಹೊಟ್ಟೆ ಆಡ್ತಿದೆ! ಪಾಯಿಂಟ್ ನೈನ್, ಪಾಯಿಂಟ್ ನೈನ್!"

ಊಟದ ಹೊತ್ತಿನಲ್ಲಿ ಹೇಳಿದೆ — ಸಾರ್, ಆ ಒಂಬತ್ತನೇದು ತೆಗೀರಿ. ಆಗಲ್ಲ ಮೇಡಂ, ಮೊದಲನೇ ಎಪಿಸೋಡಲ್ಲೇ ಸೈಂಟಿಸ್ಟ್ ಬಾಯಲ್ಲಿ ಹೇಳಿಸಿಯಾಗಿದೆ, ಟೆಲಿಕಾಸ್ಟ್ ಆಗಿದೆ, ಮಕ್ಕಳು ಪೋಸ್ಟ್‌ಕಾರ್ಡ್ ಬರೀತಿದ್ದಾರೆ, ಕಂಟಿನ್ಯೂಟಿ ಅಂತ ಒಂದಿದೆ ಅಂದರು. ಒಂದು ಸಲ ಟಿವಿಯಲ್ಲಿ ಬಂದದ್ದು ಬ್ರಹ್ಮಲಿಖಿತ. ಒಳಗಿರುವವಳ ಶ್ವಾಸಕೋಶಕ್ಕೂ ಕಂಟಿನ್ಯೂಟಿ ಇರುತ್ತದೆ ಅಂತ ಯಾರು ಹೇಳಬೇಕು ಇವರಿಗೆ.

ಜಗಳಕ್ಕೆ ಎದ್ದವಳನ್ನು ಧನಾ ಸೆರಗು ಹಿಡಿದು ಕೂರಿಸಿದಳು. "ಬೇಡ ಅಕ್ಕ, ಕೈಮುಗೀತೀನಿ. ನಾನು ಆಗಲ್ಲ ಅಂದ್ರೆ ಯಾವ್ದೋ ಸ್ಕೂಲ್ ಮಗೂನ ತಂದು ಒಳಗೆ ತುಂಬ್ತಾರೆ. ನಿನ್ನೆ ನಮ್ ಬೀದೀಲಿ ಏನಾಯ್ತು ಗೊತ್ತಾ? ಗುಮ್ರಾಲು ನಾನೇ ಅಂತ ಗೊತ್ತಾಗಿ ಹುಡುಗ್ರು ನನ್ನ ನೋಡಿ ದಾರಿ ಬಿಟ್ರು. ನಕ್ಕಿಲ್ಲ. ದಾರಿ ಬಿಟ್ರು!"

ಸುಮ್ಮನಾದೆ. ಗದ್ದದ ಕೆಳಗೆ ಪರದೆ ಇದೆಯಲ್ಲ ಅಂತ ಸಮಾಧಾನ.

9 ಏಪ್ರಿಲ್, ಮಂಗಳವಾರ, ಸಂಜೆ 6

 

ಗುಮ್ರಾಲು ಬಿಸಿಲು ಸಿಗದೆ ಸೊರಗಿ ಬೀಳುವ ಸೀನು. ನಾಲ್ಕು ನಿಮಿಷದ ಒಂದೇ ಶಾಟ್. ಬೇಡ ಅಂದೆ, ಕೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಶೆಡ್ ಕಾದ ಕಾವಲಿ. ಧನಾ ನಡೆದಳು. ತೂರಾಡಿದಳು. ಎಲ್ಲರೂ ಆಕ್ಟಿಂಗ್ ಅಂದುಕೊಂಡರು. ನಾನೂ. ಅಂಗಾತ ಬಿದ್ದಳು.

ಶ್ರೀನಾಥ್ ಪಿಸುಗುಟ್ಟಿದರು, "ಪರ್ಫೆಕ್ಟ್! ನೋಡ್ರೀ, ಎದೆ ಆಡ್ತಾನೇ ಇಲ್ಲ. ಕಟ್ ಮಾಡ್ಬೇಡ, ರೋಲ್ ಮಾಡು, ರೋಲ್ ಮಾಡು."

ಎದೆ ಆಡುತ್ತಾನೇ ಇಲ್ಲ.

ಲೈಟಿನ ಕಂಬ ಎಡವಿಕೊಂಡು ಓಡಿದೆ. ಕತ್ತರಿ ಹಾಕಿ ಗದ್ದದಿಂದ ಎದೆವರೆಗೆ ಹರಿದೆ. ತುಟಿ ನೀಲಿ. ಕೆನ್ನೆಗೆ ಹೊಡೆದೆ, ನೀರೆರಚಿದೆ, ಯಾರೋ ಬಾಯಿಗೆ ಬಾಯಿಟ್ಟು ಊದಿದರು. ಕೆಮ್ಮಿದಳು. ಆ ಕೆಮ್ಮಿನಷ್ಟು ಒಳ್ಳೆಯ ಸದ್ದು ನಾನು ಹುಟ್ಟಿದ ಮೇಲೆ ಕೇಳಿಲ್ಲ.

ಆಟೋದಲ್ಲಿ ನರ್ಸಿಂಗ್ ಹೋಮ್. ಆಕ್ಸಿಜನ್ ಹಾಕಿದ್ದಾರೆ. ಗಂಡಾಂತರ ಕಳೆಯಿತು ಅಂದರು ಡಾಕ್ಟರು.

ಹೊರಗೆ ಶ್ರೀನಾಥ್ ನಿಂತಿದ್ದರು. ಇಡೀ ಯೂನಿಟ್ ಮುಂದೆ ಅವರ ಎದೆಗೆ ಕೈಯಿಟ್ಟು ತಳ್ಳಿದೆ. "ಏನ್ರೀ, ಪಾಯಿಂಟ್ ನೈನಾ? ಕೊಲ್ತಿದ್ರಲ್ರೀ ಅವಳನ್ನ! ನಿಮ್ ಮನೆ ಹೆಣ್ಮಗಳು ಒಳಗಿದ್ದಿದ್ರೆ ರೋಲ್ ಮಾಡು ಅಂತಿದ್ರಾ?" ಒಬ್ಬರೂ ಬಿಡಿಸಲು ಬರಲಿಲ್ಲ.

12 ಏಪ್ರಿಲ್

ಧನಾ ಮನೆಗೆ ಬಂದಿದ್ದಾಳೆ. ಶ್ರೀನಾಥ್ ಅಂಗಡಿಗೆ ಬಂದರು. ಲಕ್ಷಣದ ಹಾಳೆ ತೆಗೆದು ನನ್ನ ಎದುರಿಗೇ ಒಂಬತ್ತನೇ ಸಾಲಿಗೆ ಗೆರೆ ಎಳೆದರು. ಭೂಮಿಗೆ ಬಂದ ಮೇಲೆ ಉಸಿರಾಡುವುದು ಕಲಿಯಿತು ಅಂತ ಕಥೆ ಬದಲಾಯಿಸುತ್ತಾರಂತೆ. ಧನಾ ಕೆಲಸ ಗಟ್ಟಿ. ಮೂವತ್ತನೇ ತಾರೀಕು ಮತ್ತೆ ಶೂಟಿಂಗ್.

ಯೂನಿಟ್ಟಿನ ಹುಡುಗಿಯರು ಫೋನ್ ಮಾಡಿ, ಶಾಂತಾ ಮೇಡಂ, ನೀವು ಗಟ್ಟಿಗಿತ್ತಿ ಅಂದರು. ಧನಾಳ ತಾಯಿ ನನ್ನ ಎರಡೂ ಕೈ ಕಣ್ಣಿಗೊತ್ತಿಕೊಂಡರು. ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಎದೆ ಸ್ವಲ್ಪ ಉಬ್ಬಿದೆ. ಸುಳ್ಳು ಯಾಕೆ ಬರೆಯಲಿ.

19 ಏಪ್ರಿಲ್, ಶುಕ್ರವಾರ

ಹರಿದ ತಲೆ ಹೊಲಿಯಲು ತೆಗೆದುಕೊಂಡೆ. ಒಳಗೆ ದಾರ ಎಲ್ಲಿ ಬಿಟ್ಟಿದೆ ನೋಡಲು ಕಿಟಕಿ ಬೆಳಕಿಗೆ ಹಿಡಿದೆ.

ಗದ್ದದ ಕೆಳಗೆ ಕತ್ತಲು. ಎರಡೂ ಕಡೆ.

ಉಗುರಿನಿಂದ ಕೆರೆದೆ. ಹೊಳೆಯುವ ಸಿಪ್ಪೆ ಎದ್ದು ಬಂತು. ಗೋಂದು. ಪರದೆಯ ಒಂದೊಂದು ತೂತಿನಲ್ಲೂ ಗೋಂದು. ಬಕ್ರೀದ್ ದಿನದ ಎರಡನೇ ಕೋಟು. ಟೊಮೆಟೊಗೆ ಹೊಡೆದ ಹಾಗೆ ತಲೆಯಿಂದ ಬಾಲದವರೆಗೆ ಹೊಡೆದಿದ್ದೇನೆ, ಪರದೆ ಇದೆ ಅನ್ನುವುದನ್ನೇ ಮರೆತು. ಟೊಮೆಟೊ ಹಾಕುವ ಮಗುವಿನ ಮುಖ ಹೊರಗಿರುತ್ತದೆ.

ತುಟಿ ಹಚ್ಚಿ ಊದಿದೆ. ನನ್ನ ಉಸಿರು ನನ್ನ ಮುಖಕ್ಕೇ ವಾಪಸು ಬಂತು.

20 ಏಪ್ರಿಲ್

ಇವತ್ತಿನ ಎಪಿಸೋಡಿನಲ್ಲಿ ಆ ಶಾಟ್ ಹಾಕಿದ್ದಾನೆ ಶ್ರೀನಾಥ್! ಅವಳು ಬಿದ್ದದ್ದು, ಅಲುಗಾಡದೆ ಮಲಗಿದ್ದು, ಪೂರ್ತಿ. ಮೇಲೆ ಪಿಟೀಲು ಬೇರೆ. ನೀಚ. ಟಿವಿ ಒಡೆದು ಹಾಕಬೇಕು ಅನ್ನಿಸಿತು. ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿ ಹತ್ತು ನಿಮಿಷ ಉಗಿದೆ.

ಉಗಿಯುವಾಗ ಹಾಯೆನಿಸಿತು. ಉಗಿಯಲು ಒಬ್ಬ ಸಿಕ್ಕಿದನಲ್ಲ ಅಂತ.

22 ಏಪ್ರಿಲ್

ಹೊಸ ತಲೆ ಶುರು. ಹಳೆಯದನ್ನು ಗೋಣಿಚೀಲಕ್ಕೆ ತುರುಕಿ ಮೂಲೆಗೆ ಎಸೆದಿದ್ದೆ. ಹಮೀದಾ ಬಟನ್ ಡಬ್ಬ ಹುಡುಕುವಾಗ ಅದನ್ನು ತೆಗೆದಳು. ತಿರುಗಿಸಿದಳು. ಬೆರಳಾಡಿಸಿದಳು.

"ನೋಡಿದ್ಯಾ?" ಅಂದೆ.

"ನೋಡ್ದೆ ಶಾಂತಮ್ಮ. ಅಲ್ಲಾ ನೋಡ್ತಾನೆ ಅಂತೆಲ್ಲ ನಾನ್ ಹೇಳಲ್ಲ. ಆ ಹುಡುಗಿ ನೋಡ್ಬೇಕು, ಅಷ್ಟೇ."

ನಿನ್ನ ಕೆಲಸ ನೋಡು ಅಂತ ರೇಗಿದೆ. ಹದಿನಾಲ್ಕು ವರ್ಷದಿಂದ ಬಲ್ಲವಳ ಮೇಲೆ. ಅವಳು ಬಟನ್ ಡಬ್ಬ ತೆಗೆದುಕೊಂಡು ಮಿಷನ್‌ಗೆ ಹೋದಳು.

25 ಏಪ್ರಿಲ್

ಧನಾ ಬಂದಿದ್ದಳು, ಹೊಸ ತಲೆಯ ಅಳತೆಗೆ. ಅವಳಮ್ಮ ಹಾಕಿದ ಮಿಡಿ ಉಪ್ಪಿನಕಾಯಿ ತಂದಿದ್ದಳು. ಹೇಳಬೇಕು ಅಂತ ಬಾಯಿ ತೆರೆದೆ.

"ಭಯ ಆಗುತ್ತೆ ಅಕ್ಕ, ಒಳಗೆ ಹೋಗೋಕೆ. ಆದ್ರೆ ನೀನು ಹೊಲಿದಿರೋದು ಅಂದ್ರೆ ಧೈರ್ಯ" ಅಂದಳು.

ಉಪ್ಪಿನಕಾಯಿ ಚೆನ್ನಾಗಿದೆ ಅಂದೆ.

ಹೇಳಿದರೆ ಏನಾಗುತ್ತದೆ? ಶ್ರೀನಾಥ್ ಕಿವಿಗೆ ಬೀಳುತ್ತದೆ. ತಪ್ಪು ನಿಮ್ಮದೇ ಮೇಡಂ ಅಂದು ಒಂಬತ್ತನೇ ಸಾಲು ವಾಪಸು ತರುತ್ತಾನೆ. ಧನಾಗೇ ನಷ್ಟ. ಅವಳ ಒಳ್ಳೆಯದಕ್ಕೇ ಸುಮ್ಮನಿದ್ದೇನೆ...

ಥೂ. ಇದನ್ನು ಯಾರೂ ಓದುವುದಿಲ್ಲ. ಇಲ್ಲೂ ಸುಳ್ಳು ಬರೆಯುತ್ತೇನಲ್ಲ ನಾನು. ಅವಳು ಮುಖ ತಿರುಗಿಸಿಬಿಟ್ಟರೆ ಅನ್ನುವ ಹೆದರಿಕೆ. ಬೇರೆ ಏನೂ ಅಲ್ಲ.

30 ಏಪ್ರಿಲ್, ಕೆ.ಆರ್. ಪುರ, ಬೆಳಿಗ್ಗೆ 10

ಶೆಡ್ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ. ಅವಳ ಕಡೆ ನೋಡಿಕೊಂಡೇ.

ಎಂಟು ಗಂಟೆಗೆ ಮೇಕಪ್ ರೂಮಿನಲ್ಲಿ ಬಾಗಿಲು ಹಾಕಿ, ಹಳೆಯ ತಲೆ ಅವಳ ಮಡಿಲಿಗಿಟ್ಟು ಹೇಳಿದೆ. ಗೋಂದು, ಎರಡನೇ ಕೋಟು, ಮರೆತದ್ದು, ಎಲ್ಲ. ಅವಳು ಬೆರಳಿನಿಂದ ಆ ಜಾಗ ಒತ್ತಿ ನೋಡಿದಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಹತ್ತೊಂಬತ್ತನೇ ತಾರೀಕು."

"ಇವತ್ತು ಮೂವತ್ತು." ಬೆರಳು ಮಡಿಸಿ ಎಣಿಸಿದಳು. "ಹನ್ನೊಂದು ದಿನ. ಉಪ್ಪಿನಕಾಯಿ ತಂದಾಗ ಗೊತ್ತಿತ್ತು."

"ಗೊತ್ತಿತ್ತು."

ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆತ್ತಗೆ ಅಂದಳು, "ಶ್ರೀನಾಥ್ ಸಾರ್ ಛತ್ರದಲ್ಲಿ ಎತ್ಕೊಳ್ಳೋರ ಥರ. ಅವ್ರು ಹಂಗೇ ಅಂತ ಗೊತ್ತು ನಂಗೆ. ಹುಷಾರಾಗಿರ್ತೀನಿ. ನಿನ್ನ ಹತ್ರ ನಾನು ಹುಷಾರಾಗಿರ್ಲಿಲ್ಲ ಅಕ್ಕ."

ಕೆನ್ನೆಗೆ ಹೊಡೆದ ಹಾಗಾಯಿತು. ಶ್ರೀನಾಥ್‌ಗೂ ನಾನೇ ಹೇಳುತ್ತೇನೆ, ಈ ಕೆಲಸ ಬಿಡುತ್ತೇನೆ, ಹಮೀದಾ ನೋಡಿಕೊಳ್ಳುತ್ತಾಳೆ ಅಂದೆ.

"ಬಿಟ್ಟು ಎಲ್ಲಿಗೆ ಹೋಗ್ತೀಯ? ಆರಾಮಾಗಿ ಮನೇಲಿ ಕೂತ್ಕೊಳ್ಳೋಕಾ?" ಈಗ ದನಿ ಏರಿತು. ಹೊಸ ತಲೆ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ತುಟಿ ಹಚ್ಚಿ ಊದಿದಳು, ಎಡಕ್ಕೊಂದು ಸಲ, ಬಲಕ್ಕೊಂದು ಸಲ. ನನ್ನನ್ನು ನಂಬಲಿಲ್ಲ. ಇನ್ನು ಯಾವಾಗಲೂ ಊದಿ ನೋಡುತ್ತಾಳೆ. ಆಮೇಲೆ ಹಾಕಿಕೊಂಡು ಬೆನ್ನು ತಿರುಗಿಸಿದಳು.

"ಜಿಪ್ ಎಳಿ. ಎಳ್ದು ನನ್ ಕಣ್ಣಿಗೆ ಕಾಣೋ ಹಾಗೆ ನಿಂತ್ಕೊ. ಕತ್ತರಿ ಕೈಯಲ್ಲಿರ್ಲಿ. ಒಂದು ನಿಮಿಷಾನೂ ಆ ಕಡೆ ಈ ಕಡೆ ಹೋಗ್ಬಾರ್ದು."

ಎಳೆದೆ. ನಿಂತಿದ್ದೇನೆ, ಕತ್ತರಿ ಎಡಗೈಯಲ್ಲಿ.

ಮೂರನೇ ಟೇಕ್. ಮುಳ್ಳಿನ ನಡುವೆ ಎದೆ ಏರುವುದು ಇಲ್ಲಿಂದ ಕಾಣುತ್ತದೆ. ಏರಿತು. ಇಳಿಯಿತು. ಶ್ರೀನಾಥ್ ನನ್ನ ಕಡೆ ತಿರುಗಿ ಏನೋ ಕೂಗುತ್ತಿದ್ದಾರೆ, ಬಾಗಿಲಿನಿಂದ ಸರಿಯಿರಿ ಅಂತ ಇರಬೇಕು. ಸರಿಯುವುದಿಲ್ಲ. ಬರೆಯುವುದೂ ಸಾಕು, ಎರಡೂ ಕಣ್ಣು ಅವಳ ಮೇಲಿರಲಿ. ಏರಿತು. ಇಳಿಯಿತು. ಏರಿತು. ಇಳಿ